ಸ್ಕ್ಯಾನರ್ ಪಿ0171 ಎಂದು ತೋರಿಸಿದರೆ ಆಕ್ಸಿಜನ್ ಸೆನ್ಸರ್ ಬದಲಿಸಬೇಕೆ?

ಓದುಗರ ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಚಿತ್ರವಿರುವ ಹಳದಿ ದೀಪ ಆರದೆ ಉರಿಯುತ್ತಿದೆ. ಓಡಿಸುವಾಗ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ಬ್ಲೂಟೂತ್ ಸ್ಕ್ಯಾನರ್ ತರಿಸಿ ನೋಡಿದಾಗ ಪಿ0171 ಎಂಬ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ, ಬದಲಿಸಿ ಎಂದು ತಿಳಿದವರು ಹೇಳುತ್ತಿದ್ದಾರೆ. ಸಣ್ಣಪುಟ್ಟ ರಿಪೇರಿ ನನಗೆ ಗೊತ್ತು. ನಾನೇ ಬದಲಿಸಬಹುದೇ?

ಉತ್ತರ: ಸೆನ್ಸರ್ ಕೊಳ್ಳಲು ಆತುರ ಬೇಡ. ಪಿ0171 ಎಂಬುದು ಯಾವುದೇ ಬಿಡಿಭಾಗದ ಹೆಸರಲ್ಲ. ಎಂಜಿನ್ನಿನಲ್ಲಿ ಉರಿಯುತ್ತಿರುವ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್ ಅಳೆದು ತಿಳಿಸುತ್ತದೆ, ಎಂಜಿನ್ನಿನ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹೆಚ್ಚಿಸಿ ಹೆಚ್ಚಿಸಿ ಮಿತಿ ಮುಟ್ಟಿದಾಗ ದೀಪ ಹತ್ತುತ್ತದೆ. ಅಂದರೆ ನಿಮ್ಮ ಸೆನ್ಸರ್ ಬಹುಮಟ್ಟಿಗೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದನ್ನೇ ಕಿತ್ತು ಹೊಸದು ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹೀಗೆ ಸಾವಿರಾರು ರೂಪಾಯಿ ಕಳೆದುಕೊಂಡು, ಮರುವಾರ ಅದೇ ದೀಪವನ್ನು ಮತ್ತೆ ನೋಡುವವರು ಎಷ್ಟೋ ಮಂದಿ.

ಮೊದಲು ಒಂದು ಎಚ್ಚರಿಕೆ. ಈ ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು ಮನೆ ಸೇರಬಹುದು. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ ಎಂದರ್ಥ. ಅದು ಸೈಲೆನ್ಸರ್ ಕೊಳವೆಯಲ್ಲಿರುವ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ. ಆಗ ವೇಗ ತಗ್ಗಿಸಿ, ಆದಷ್ಟು ಬೇಗ ಗಾಡಿ ನಿಲ್ಲಿಸಿ. ಆಯಿಲ್ ಒತ್ತಡದ ಕೆಂಪು ದೀಪ ಅಥವಾ ಎಂಜಿನ್ ಬಿಸಿಯ ಕೆಂಪು ದೀಪ ಬಂದರಂತೂ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಅಲ್ಲಿ ಸ್ಕ್ಯಾನರಿನ ಮಾತೇ ಇಲ್ಲ.

ಇನ್ನು ನಿಮ್ಮ ಕೋಡಿಗೆ ಬರೋಣ. ಅದನ್ನು ಈಗಲೇ ಅಳಿಸಬೇಡಿ. ಕೋಡಿನ ಜೊತೆಗೆ ದೋಷ ದಾಖಲಾದ ಗಳಿಗೆಯ ಅಂಕಿಗಳನ್ನೂ ಕಂಪ್ಯೂಟರ್ ಉಳಿಸಿಕೊಂಡಿರುತ್ತದೆ: ಎಂಜಿನ್ನಿನ ಬಿಸಿ, ಗಾಡಿಯ ವೇಗ, ಎಂಜಿನ್ ಸುತ್ತುತ್ತಿದ್ದ ಪರಿ, ಅದರ ಮೇಲಿದ್ದ ಭಾರ. ಸ್ಕ್ಯಾನರಿನ ಆ್ಯಪ್‌ನಲ್ಲಿ ಇದು ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಕೋಡ್ ಅಳಿಸಿದರೆ ಇದೂ ಹೋಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಆಮೇಲೆ ಅದೇ ಆ್ಯಪ್‌ನಲ್ಲಿ ಫ್ಯೂಯಲ್ ಟ್ರಿಮ್ ಎಂಬ ಎರಡು ಅಂಕಿಗಳನ್ನು ಹುಡುಕಿ. ಹವ್ಯಾಸಿಯ ಕೈಗೆ ಸಿಗುವ ಮಾಹಿತಿಯಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಬೇರೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಎಂಬ ಲೆಕ್ಕ ಅದು. ಒಂದು ಆ ಕ್ಷಣದ್ದು, ಇನ್ನೊಂದು ದೀರ್ಘಾವಧಿಯದ್ದು. ಎರಡನ್ನೂ ಕೂಡಿಸಿದಾಗ ಸೊನ್ನೆಯ ಆಚೀಚೆ 10ರೊಳಗೆ ಇದ್ದರೆ ಚಿಂತೆಯಿಲ್ಲ. ಪಿ0171 ಬಂದಿರುವ ಗಾಡಿಯಲ್ಲಿ ಅದು 20, 25ರ ಹತ್ತಿರ ಇರುವುದು ಸಾಮಾನ್ಯ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕಾಗುವುದರಿಂದ, ಇ20 ಪೆಟ್ರೋಲ್ ತುಂಬಿಸಿದ ಹಳೆಯ ಕಾರಿನಲ್ಲಿ ಈ ಅಂಕಿ ಸ್ವಲ್ಪ ಮೇಲೇರುವುದು ಸಹಜ. ಆದರೆ 25 ಮುಟ್ಟಲು ಅದೊಂದೇ ಕಾರಣವಾಗದು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ತೆರೆದ ಜಾಗದಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದು ಅಂಕಿ ನೋಡಿ. ನಂತರ ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ 2,500 ಸುತ್ತಿನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ನೋಡಿ. ಸುಮ್ಮನೆ ನಿಂತಾಗ 22 ಇದ್ದದ್ದು ಸುತ್ತು ಹೆಚ್ಚಿದಾಗ 6ಕ್ಕೆ ಇಳಿಯಿತೆನ್ನಿ. ಹಾಗಾದರೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ. ನಿಂತಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆಯಾದ್ದರಿಂದ ಚಿಕ್ಕ ಬಿರುಕೂ ದೊಡ್ಡ ಪಾಲು ಪಡೆಯುತ್ತದೆ, ವೇಗದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು, ವೇಗದಲ್ಲಿ ಅಥವಾ ಏರು ಹತ್ತುವಾಗ ಅಂಕಿ ಮೇಲೇರಿದರೆ ಪೆಟ್ರೋಲ್ ಪಂಪು, ಫಿಲ್ಟರ್ ಅಥವಾ ಗಾಳಿ ಅಳೆಯುವ ಎಂಎಎಫ್ ಸೆನ್ಸರಿನ ಮೇಲೆ ಅನುಮಾನ ಪಡಬೇಕು. ಓಡಿಸುತ್ತಲೇ ಅಂಕಿ ನೋಡಲು ಹೋಗಬೇಡಿ, ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಪರೀಕ್ಷೆ ಸ್ಪಷ್ಟ ಉತ್ತರ ಕೊಡುವುದು ಎಂಎಎಫ್ ಇರುವ ಗಾಡಿಗಳಲ್ಲಿ. ನಮ್ಮ ಅನೇಕ ಸಣ್ಣ ಕಾರುಗಳಲ್ಲಿ ಅದರ ಬದಲು ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುತ್ತದೆ. ಅವುಗಳಲ್ಲಿ ಕಳ್ಳಗಾಳಿಯೂ ಒತ್ತಡದ ಲೆಕ್ಕಕ್ಕೆ ಸೇರಿಬಿಡುವುದರಿಂದ ಟ್ರಿಮ್ ಅಷ್ಟಾಗಿ ಏರದೆ, ನಿಂತ ಎಂಜಿನ್ನಿನ ಸುತ್ತು ಮಾತ್ರ ಹೆಚ್ಚಬಹುದು. ನಿಮ್ಮದು ಯಾವ ಬಗೆ ಎಂದು ಮೊದಲು ತಿಳಿದುಕೊಳ್ಳಿ.

ಕಳ್ಳಗಾಳಿಯ ಸುಳಿವು ಸಿಕ್ಕಿದರೆ ಎಂಜಿನ್ ಆರಿಸಿ, ತಣಿದ ಮೇಲೆ ಬಾನೆಟ್ ಎತ್ತಿ ಟಾರ್ಚ್ ಹಿಡಿಯಿರಿ. ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್ನಿನತ್ತ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆಯನ್ನು ಮೆಲ್ಲಗೆ ಬಗ್ಗಿಸಿ. ಬಿರುಕು ಮಡಿಕೆಯ ತಳದಲ್ಲಿ, ಅದೂ ಕಣ್ಣಿಗೆ ಬೀಳದ ಕೆಳಭಾಗದಲ್ಲಿ ಅಡಗಿರುತ್ತದೆ. ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತದೆ. ಬೆರಳಷ್ಟೂ ದಪ್ಪವಿಲ್ಲದ ವ್ಯಾಕ್ಯೂಮ್ ಪೈಪುಗಳು ತುದಿಯಲ್ಲಿ ಗಟ್ಟಿಯಾಗಿ ಸೀಳಿರುತ್ತವೆ, ಅವನ್ನೂ ಒಂದೊಂದಾಗಿ ಮುಟ್ಟಿ ನೋಡಿ. ಏರ್ ಫಿಲ್ಟರ್ ಬದಲಿಸಿದವರು ಕ್ಲಿಪ್ ಸರಿಯಾಗಿ ಕೂರಿಸದೆ ಬಿಟ್ಟಿರುವುದೂ ಉಂಟು. ಗಾಡಿಯನ್ನು ಮನೆ ಹೊರಗೆ ನಿಲ್ಲಿಸುವವರು ಇಲಿಯ ಹಲ್ಲಿನ ಗುರುತನ್ನು ಹುಡುಕಲೇಬೇಕು. ವೈರು, ರಬ್ಬರು ಎರಡನ್ನೂ ಅದು ಬಿಡುವುದಿಲ್ಲ. ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಉಪಾಯವನ್ನು ಹಲವರು ಹೇಳುತ್ತಾರೆ. ಅದು ಬೆಂಕಿ ಹೊತ್ತಿಕೊಳ್ಳುವ ದ್ರವ, ದಯವಿಟ್ಟು ಬೇಡ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದರೆ ದೀಪ ಆರುತ್ತದೆ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ಟ್ಯಾಂಕಿನ ಆವಿ ಸೋರಿಕೆಯನ್ನು ಕಾರೇ ಪರೀಕ್ಷಿಸಿಕೊಳ್ಳಬೇಕು ಎಂಬುದು ಅಮೆರಿಕದ ನಿಯಮ. ಆ ಸೋರಿಕೆಯ ಕೋಡುಗಳೇ ಬೇರೆ, ಪಿ0455ರಂಥವು. ನಿಮ್ಮ ಕೋಡಿಗೆ ಅದು ಮದ್ದಲ್ಲ.

ಹಾಗಾದರೆ ಸೆನ್ಸರ್ ಕೆಡುವುದೇ ಇಲ್ಲವೆ? ಕೆಡುತ್ತದೆ. ಹಳೆಯ ಬಗೆಯ ಸೆನ್ಸರ್ ಆಗಿದ್ದರೆ ಆ್ಯಪ್‌ನಲ್ಲಿ ಅದರ ವೋಲ್ಟೇಜ್ 0.1ರಿಂದ 0.9ರವರೆಗೆ ಮೇಲೆ ಕೆಳಗೆ ಓಡಾಡುತ್ತಿರಬೇಕು. ತಟ್ಟನೆ ಆಕ್ಸಿಲರೇಟರ್ ಒತ್ತಿದಾಗ 0.8ರ ಆಸುಪಾಸಿಗೆ ಜಿಗಿದರೆ ಅದಕ್ಕೆ ಜೀವವಿದೆ. ಏನು ಮಾಡಿದರೂ ತಳದಲ್ಲೇ ಬಿದ್ದಿದ್ದರೆ ಆಗ ಅನುಮಾನಿಸಿ. ಅದರಲ್ಲೂ ಮೊದಲು ವೈರಿಂಗ್, ಆಮೇಲೆ ಸೆನ್ಸರಿನ ಮುಂಚೆ ಹೊಗೆ ಕೊಳವೆಯಲ್ಲಿ ಸೋರಿಕೆ ಇದೆಯೇ ಎಂದು ನೋಡಿ. ಅಲ್ಲಿ ಹೊರಗಿನ ಗಾಳಿ ಸೇರಿದರೂ ಸೆನ್ಸರ್ ಮೋಸಹೋಗುತ್ತದೆ. ಹೊಸ ಕಾರುಗಳ ವೈಡ್‌ಬ್ಯಾಂಡ್ ಸೆನ್ಸರಿಗೆ ಈ ವೋಲ್ಟೇಜ್ ಲೆಕ್ಕ ಅನ್ವಯಿಸದು. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಯಾವುದನ್ನೂ ಬಿಚ್ಚದೆ, ಬರೆದಿಟ್ಟ ಅಂಕಿಗಳೊಂದಿಗೆ ಸರ್ವಿಸ್ ಸೆಂಟರಿಗೆ ಹೋಗಿ.

ದೋಷ ಸಿಕ್ಕಿ ಸರಿಪಡಿಸಿದ ಮೇಲಷ್ಟೇ ಕೋಡ್ ಅಳಿಸಿ. ಕೆಲವು ದಿನ ಎಂದಿನಂತೆ ಓಡಿಸಿ ಟ್ರಿಮ್ ಮತ್ತೆ ನೋಡಿ. ಸೊನ್ನೆಯ ಹತ್ತಿರ ಬಂದು ನಿಂತಿದ್ದರೆ ಕೆಲಸ ಮುಗಿದಂತೆ. ಸ್ಕ್ಯಾನರನ್ನು ಮಾತ್ರ ಅಲ್ಲೇ ಚುಚ್ಚಿ ಬಿಡಬೇಡಿ. ಸ್ಟೀರಿಂಗ್ ಕೆಳಗಿನ ಆ 16 ಪಿನ್ನಿನ ಸಾಕೆಟ್ಟಿಗೆ ಕೀಲಿ ತೆಗೆದ ಮೇಲೂ ಬ್ಯಾಟರಿಯ ವಿದ್ಯುತ್ ಬರುತ್ತಿರುತ್ತದೆ.