ಗಾಡಿ ಎತ್ತರವಾಯ್ತು, ಜಾಕ್ ಗಿಡ್ಡವಾಯ್ತು

ಪ್ರಶ್ನೆ: ಥಾರ್‌ಗೆ ಗಾಡಿ ಎತ್ತರಿಸೋ 2 ಇಂಚಿನ ಲಿಫ್ಟ್ ಕಿಟ್ ಹಾಕಿಸಿ, 245/75 ಆರ್16 ಟೈರ್ ತೆಗೆಸಿ 285/75 ಆರ್16 ಹಾಕಿಸಿದೀನಿ. ನಾಲ್ಕು ಟೈರಿಗೇ ಜೇಬು ಖಾಲಿಯಾಗಿ ಸ್ಟೆಪ್ನಿ ಹಳೇದೇ ಉಳಿದಿದೆ. ಮೊನ್ನೆ ತೋಟದ ದಾರಿಯಲ್ಲಿ ಹಿಂದಿನ ಗಾಲಿ ಪಂಕ್ಚರ್ ಆಯ್ತು. ಕಂಪನಿ ಜಾಕ್ ಪೂರ್ತಿ ಏರಿಸಿದರೂ ಗಾಲಿ ನೆಲ ಬಿಡಲಿಲ್ಲ. ದೊಡ್ಡ ಜಾಕ್ ತಗೊಂಡರೆ ಸಾಕಾ ಸರ್? ಹಳೇ ಸ್ಟೆಪ್ನಿ ನಡೆಯುತ್ತಾ?
(ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು)

ಉತ್ತರ: ಜಾಕ್ ಕೊಟ್ಟಿದ್ದು ಎಲ್ಲಿಗೆ ಅಂತ ನೀವು ಬರೆದಿಲ್ಲ. ಚಾಸಿಗೇ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೇ, ಕೊಟ್ಟಿರಬೇಕು ಅಂತ ನನ್ನ ಅನುಮಾನ. ಹಾಗಿದ್ದರೆ ತಪ್ಪು ಜಾಕಿನದಷ್ಟೇ ಅಲ್ಲ.

ಟೈರಿನ ಲೆಕ್ಕ ಮೊದಲು. ಅದರ ಮೇಲಿನ ಮೊದಲ ಅಂಕಿ ಅಗಲ ಮಿ.ಮೀ.ನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕೆಯ ಎತ್ತರ ಅಂತ, ಕೊನೆಯದು ರಿಮ್ಮಿನ ಇಂಚು. 245/75 ಆರ್16 ಟೈರಿನ ಎತ್ತರ ಸುಮಾರು 774 ಮಿ.ಮೀ. 285/75 ಆರ್16ದು 834. ವ್ಯತ್ಯಾಸ 60, ಅದರಲ್ಲಿ ಅರ್ಧ ಮಾತ್ರ ಆಕ್ಸಲ್‌ಗೆ ಸಿಗುತ್ತದೆ. ಅಂದರೆ ಹಿಂದಿನ ಹೌಸಿಂಗ್ (ಆಕ್ಸಲ್ ಹೊದ್ದಿರುವ ಕಬ್ಬಿಣದ ಕೊಳವೆ) ಎದ್ದದ್ದು 30 ಮಿ.ಮೀ. ಅಷ್ಟೇ. ಚಾಸಿ ಮಾತ್ರ ಟೈರಿನ 30 ಮತ್ತು ಕಿಟ್ಟಿನ 50 ಸೇರಿ 80 ಮಿ.ಮೀ. ಮೇಲೆ ಹೋಗಿದೆ. ಸಾಲದ್ದಕ್ಕೆ ಚಾಸಿ ಎತ್ತುತ್ತಾ ಹೋದಂತೆ ಸ್ಪ್ರಿಂಗ್ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಅದು ಪೂರ್ತಿ ಜೋತುಬಿದ್ದ ಮೇಲೇ ಗಾಲಿ ಏಳುವುದು. ಅಷ್ಟರಲ್ಲಿ ಕಂಪನಿ ಜಾಕಿನ ಉಸಿರು ಮುಗಿದಿರುತ್ತದೆ.

ಥಾರ್‌ನ ಹಿಂದೆ ಗಟ್ಟಿ ಆಕ್ಸಲ್ ಇದೆ. ಜಾಕನ್ನು ಅದರ ಹೌಸಿಂಗ್ ಕೆಳಗೆ, ಪಂಕ್ಚರ್ ಆದ ಗಾಲಿಗೆ ಹತ್ತಿರ ಕೊಡಿ. ಲಿಫ್ಟ್ ಕಿಟ್ 2 ಇಂಚಿರಲಿ, 4 ಇಂಚಿರಲಿ, ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮುಂದೆ ಆ ಹೌಸಿಂಗ್ ಇಲ್ಲ, ಎರಡು ಗಾಲಿಗೂ ಬೇರೆ ಬೇರೆ ಆರ್ಮ್‌ಗಳಿವೆ. ಅಲ್ಲಿ ಕೆಳಗಿನ ಆರ್ಮ್‌ಗೆ, ಗಾಲಿಯ ಕಡೆಯ ತುದಿಯಲ್ಲಿ ಕೊಡಬೇಕು. ಜಾಗ ಓರೆಯಾಗಿದ್ದರೆ ಜಾಕಿನ ತಲೆ ಜಾರುತ್ತದೆ, ಒಂದು ಕಣ್ಣು ಅಲ್ಲಿರಲಿ.

ಈಗ ದೊಡ್ಡ ಜಾಕಿನ ವಿಷಯ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಜಾಕ್ ಎಷ್ಟು ಮೇಲೇಳುತ್ತದೆ ಅಂತ ಕೇಳುತ್ತಾರೆ, ಎಷ್ಟು ಕೆಳಗಿನಿಂದ ಶುರುವಾಗುತ್ತದೆ ಅಂತ ಕೇಳುವುದಿಲ್ಲ. ನಿಮ್ಮ ಟೈರ್ ದೊಡ್ಡದಾಗಿದೆ, ರಿಮ್ ಅದೇ 16 ಇಂಚು. ಗಾಳಿ ಹೋದರೆ ಗಾಡಿ ಕೂರುವುದು ರಿಮ್ಮಿನ ಮೇಲೆ. ಹಾಗಾಗಿ ಪಂಕ್ಚರ್ ಆದಾಗ ಹೌಸಿಂಗ್ ಹಳೇ ಟೈರಿನ ಕಾಲದಲ್ಲಿ ಇಳಿಯುತ್ತಿದ್ದ ಮಟ್ಟಕ್ಕೇ ಈಗಲೂ ಇಳಿಯುತ್ತದೆ, ನೆಲಕ್ಕೂ ಅದಕ್ಕೂ ಸುಮಾರು 21 ಸೆಂ.ಮೀ. ಉಳಿದೀತು. ಹೊಸ ಟೈರ್ ತೂರಿಸುವಷ್ಟು ಎತ್ತಬೇಕೆಂದರೆ ಅದೇ ಹೌಸಿಂಗ್ 38ರ ಹತ್ತಿರ ಬರಬೇಕು. ಇದು ನನ್ನ ಅಂದಾಜು, ನಿಮ್ಮ ಗಾಡಿಗೆ ಟೇಪ್ ಹಿಡಿದೇ ನೋಡಿ. ಒಟ್ಟಿನಲ್ಲಿ ಜಾಕ್ ಹಳೇ ಜಾಗದಿಂದಲೇ ಹೊರಟು ಇನ್ನೂ ಮೇಲೆ ಮುಟ್ಟಬೇಕು.

ಇದಕ್ಕೇ ಹೇಳುವುದು, ಪಿ.ಬಿ. ರಸ್ತೆಯಲ್ಲಿ ಲಾರಿಯವರ ಹತ್ತಿರ ಕಂಡ 20 ಟನ್ ಬಾಟಲ್ ಜಾಕಿಗೆ ಆಸೆಪಡಬೇಡಿ. ಅದು ಮುಚ್ಚಿದಾಗಲೇ 24 ಸೆಂ.ಮೀ. ಆಸುಪಾಸು ಇರುತ್ತದೆ, ಚಪ್ಪಟೆಯಾದ ಟೈರಿನ ಪಕ್ಕ ಹೌಸಿಂಗ್ ಕೆಳಗೆ ತೂರುವುದೇ ಇಲ್ಲ. ನಿಮ್ಮ ಗಾಡಿಯ ಒಂದು ಮೂಲೆ ಎತ್ತಲು 3 ಟನ್ನಿನದು ಧಾರಾಳ. ಮುಚ್ಚಿದಾಗ 20 ಸೆಂ.ಮೀ. ಒಳಗಿದ್ದು, ತಲೆಯ ಸ್ಕ್ರೂ ಬಿಚ್ಚಿದರೆ 38 ದಾಟುವಂಥದ್ದು ಹುಡುಕಿ. ಒಂದರೊಳಗೊಂದರಂತೆ ಎರಡು ಹಂತದಲ್ಲಿ ಏಳುವ ಬಾಟಲ್ ಜಾಕ್ ಸಿಕ್ಕರೆ ಇನ್ನೂ ಒಳ್ಳೆಯದು.

ವಿಡಿಯೊಗಳಲ್ಲಿ ಕಾಣುವ ಉದ್ದನೆಯ, ಸಾಲು ತೂತುಗಳ ಹೈ-ಲಿಫ್ಟ್ ಜಾಕ್ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1905ರಿಂದ ತಯಾರಾಗುತ್ತಿದೆ. ನೋಡಲು ಗತ್ತಾಗಿದೆ. ಆದರೆ ಅದಕ್ಕೆ ಕಬ್ಬಿಣದ ಬಂಪರ್ ಇಲ್ಲವೇ ಗಟ್ಟಿ ಸೈಡ್ ಪೈಪ್ ಬೇಕು, ಪ್ಲಾಸ್ಟಿಕ್ ಬಂಪರಿಗೆ ಕೊಟ್ಟರೆ ಬಂಪರ್ ಕೈಗೆ ಬರುತ್ತದೆ. ಅದು ಎತ್ತುವುದೂ ಚಾಸಿಯನ್ನೇ, ಮತ್ತೆ ಸ್ಪ್ರಿಂಗಿನ ಕಥೆ. ಇಳಿಸುವಾಗ ಕೈ ತಪ್ಪಿದರೆ ಹಿಡಿ ಚಿಮ್ಮಿ ದವಡೆಗೆ ಬಡಿಯುತ್ತದೆ. ಒಬ್ಬರೇ ಓಡಾಡುವವರಿಗೆ ನಾನಂತೂ ಹೇಳುವುದಿಲ್ಲ.

ಜಾಕಿಗಿಂತ ಮುಖ್ಯವಾದದ್ದು ಅದರ ಬುಡ. ಒಮ್ಮೆ ಮಳೆ ನಿಂತ ಮಾರನೇ ದಿನ ಭರಮಸಾಗರದ ಕಡೆ ಗೆಳೆಯನ ಎರೆಹೊಲದ ಬದುವಿನಲ್ಲಿ ಗಾಲಿ ಬಿಚ್ಚಲು ಕೂತಿದ್ದೆ. ಹಿಡಿ ಒತ್ತಿದಷ್ಟೂ ಜಾಕ್ ಏಳುತ್ತಿತ್ತು, ಗಾಡಿ ಏಳುತ್ತಿರಲಿಲ್ಲ. ನೋಡಿದರೆ ಜಾಕ್ ಗೇಣುದ್ದ ಮಣ್ಣಲ್ಲಿ ಹೂತಿದೆ! ಗೆಳೆಯನ ಅಪ್ಪ ಮಾತಾಡದೆ ಹೋಗಿ ಹಳೇ ಎತ್ತಿನ ಗಾಡಿಯ ಜಾಲಿ ಹಲಗೆ ತಂದು ಎದುರಿಗೆ ಹಾಕಿದರು. ಆಮೇಲೆ ಲೆಕ್ಕ ಹಾಕಿದೆ: ಜಾಕಿನ ತಳ 10 ಸೆಂ.ಮೀ. ಚೌಕ, ಮೇಲೆ 700 ಕೆ.ಜಿ. ಭಾರ ಅಂದರೆ ಪ್ರತಿ ಚದರ ಸೆಂ.ಮೀ.ಗೆ 7 ಕೆ.ಜಿ. ಒತ್ತಡ. 30ಕ್ಕೆ 40ರ ಹಲಗೆ ಕೊಟ್ಟರೆ ಅದು 0.6ಕ್ಕೆ ಇಳಿಯುತ್ತದೆ. ನೆನೆದ ಎರೆ ಆಗ ತಡೆದುಕೊಳ್ಳುತ್ತದೆ. ಅಂಥ ಒಂದು ಹಲಗೆ ಈಗಲೂ ನನ್ನ ಡಿಕ್ಕಿಯಲ್ಲಿದೆ. ಒಂದು ಎಚ್ಚರ: ಹಲಗೆ 4 ಸೆಂ.ಮೀ. ದಪ್ಪವಿದ್ದರೆ ಜಾಕ್ ತೂರಿಸುವ ಜಾಗವೂ ಅಷ್ಟು ಕಡಿಮೆಯಾಯಿತು. ಆಗ ಚಪ್ಪಟೆ ಗಾಲಿಯನ್ನು ಇನ್ನೊಂದು ಹಲಗೆಯ ಮೇಲೆ ನಿಧಾನ ಹತ್ತಿಸಿಕೊಂಡು ಕೆಲಸ ಶುರುಮಾಡಿ. ಎದುರು ಮೂಲೆಯ ಗಾಲಿಗೆ ಎರಡೂ ಕಡೆ ಕಲ್ಲು ಕೊಡುವುದನ್ನು ಹೇಳಬೇಕಿಲ್ಲ, ಚಿತ್ರದುರ್ಗದವರಿಗೆ ಕಲ್ಲಿಗೇನು ಬರವೇ?

ಇನ್ನು ಸ್ಟೆಪ್ನಿ. ಈ ಹೆಸರೇ ಒಂದು ತಮಾಷೆ. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ 1904ರಲ್ಲಿ ಹುಟ್ಟಿದ ಹೆಚ್ಚುವರಿ ಗಾಲಿಗೆ ಆ ಬೀದಿಯ ಹೆಸರೇ ನಿಂತಿತು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಅದಕ್ಕೆ ಇವತ್ತಿಗೂ ಬೇರೆ ಹೆಸರಿಲ್ಲ.

ನಿಮ್ಮ ಹಳೇ ಸ್ಟೆಪ್ನಿ ಕಿಲೋಮೀಟರಿಗೆ ಸುಮಾರು 411 ಸುತ್ತು ಸುತ್ತುತ್ತದೆ, ಹೊಸ ಟೈರ್ 382. ಹಿಂದಿನ ಆಕ್ಸಲ್‌ನಲ್ಲಿ ಒಂದು ಕಡೆ ಅದು, ಒಂದು ಕಡೆ ಇದು ಇದ್ದರೆ ಕಿಲೋಮೀಟರಿಗೆ 30 ಸುತ್ತಿನ ಜಗಳವನ್ನು ಡಿಫರೆನ್ಷಿಯಲ್ಲು (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳು) ಬಿಡಿಸುತ್ತಲೇ ಇರಬೇಕು. ತಿರುವಿನಲ್ಲಿ ಅರೆಗಳಿಗೆ ಮಾಡಬೇಕಾದ ಕೆಲಸವನ್ನು ಅದು ನೆಟ್ಟಗಿನ ದಾರಿಯಲ್ಲೂ ಬಿಡದೆ ಮಾಡುತ್ತದೆ. ಫೋರ್ ವೀಲ್ ಹಾಕಿ ಡಾಂಬರಿನಲ್ಲಿ ಓಡಿಸಿದರಂತೂ ಟ್ರಾನ್ಸ್‌ಫರ್ ಕೇಸಿಗೂ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆ) ಬಿಗಿತ ಬರುತ್ತದೆ. ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್‌ನ ದೀಪ ಹತ್ತಿಕೊಂಡರೂ ಆಶ್ಚರ್ಯವಿಲ್ಲ.

ಹಾಗಾಗಿ ಹಳೇದನ್ನು ತೀರಾ ಅನಿವಾರ್ಯಕ್ಕೆ ಮಾತ್ರ ಬಳಸಿ, ಅದೂ ಮುಂದಿನ ಗಾಲಿಗೆ. ಪಂಕ್ಚರ್ ಹಿಂದಿನದ್ದಾಗಿದ್ದರೆ ಮುಂದಿನ ಒಳ್ಳೇ ಗಾಲಿ ಹಿಂದಕ್ಕೆ, ಸ್ಟೆಪ್ನಿ ಮುಂದಕ್ಕೆ. ಎರಡು ಸಲ ಜಾಕ್ ಹಾಕಬೇಕು, ಬೇಜಾರೇ. ಆಮೇಲೆ ಟೂ ವೀಲ್‌ನಲ್ಲೇ (ಆಗ ಎಂಜಿನ್ ಬಲ ಹಿಂದಿನ ಗಾಲಿಗಳಿಗೆ ಮಾತ್ರ), ಗಂಟೆಗೆ 40 ಕಿ.ಮೀ. ದಾಟದೆ, ಹತ್ತಿರದ ಪಂಕ್ಚರ್ ಅಂಗಡಿವರೆಗೆ. ಸ್ಟೇರಿಂಗ್ ಸ್ಟೆಪ್ನಿ ಇರುವ ಕಡೆಗೆ ಎಳೆಯುತ್ತದೆ.

ನಿಜವಾದ ಉತ್ತರ ಐದನೇ ಟೈರ್, ಅದೇ ಅಳತೆಯದು, ಅದೇ ಅಳತೆಯ ರಿಮ್ಮಿನಲ್ಲಿ. 285/75 ಆರ್16ಗೆ 7.5 ಇಂಚಿಗಿಂತ ಕಿರಿದಾದ ರಿಮ್ ಒಗ್ಗುವುದಿಲ್ಲ. ಅಲಾಯ್‌ಗೆ ಬೇರೆ ನಟ್ಟು, ಕಬ್ಬಿಣದ ರಿಮ್ಮಿಗೆ ಬೇರೆ ನಟ್ಟು ಆದರೆ ಎರಡನೆಯ ಸೆಟ್ಟೂ ಗಾಡಿಯಲ್ಲಿರಲಿ. ತೂಕ ರಿಮ್ ಸೇರಿ 40 ಕೆ.ಜಿ. ಸುತ್ತಮುತ್ತ ಆಗುತ್ತದೆ. ಥಾರ್‌ನ ಹಿಂಬಾಗಿಲಿಗೆ ಅದನ್ನು ನೇತುಹಾಕಿದರೆ ಹಿಂಜ್ ಕ್ರಮೇಣ ಜಗ್ಗಿ, ಹಳ್ಳ ಸಿಕ್ಕಾಗೆಲ್ಲ ಬಾಗಿಲು ಗಡಗಡ ಅನ್ನುತ್ತದೆ. ಹಿಂಜ್ ಬಲಪಡಿಸುವ ಬ್ರಾಕೆಟ್ ಹಾಕಿಸಿ, ನಂಬರ್ ಪ್ಲೇಟ್ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಪಿಕಪ್‌ನವರ ಪಾಡು ಬೇರೆ. ಟ್ರೇ ಕೆಳಗಿನ ಜಾಗಕ್ಕೆ ದೊಡ್ಡ ಗಾಲಿ ಹಿಡಿಸದೆ ಟ್ರೇ ಮೇಲೇ ಮಲಗಿಸಿ ಕಟ್ಟಬೇಕಾಗುತ್ತದೆ, ಈರುಳ್ಳಿ ಚೀಲದ ಜಾಗ ಹೋಯಿತು ಅಂತ ಗೊಣಗುತ್ತಾರೆ.

ದುಡ್ಡು ಹೊಂದುವವರೆಗೆ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟೂ 12 ವೋಲ್ಟಿನ ಪಂಪೂ ಇಟ್ಟುಕೊಳ್ಳಿ. ಜಾಲಿ ಮುಳ್ಳಿಗೆ, ಮೊಳೆಗೆ ಅದು ಸಾಕು. ಕಲ್ಲಿಗೆ ಟೈರಿನ ಪಕ್ಕೆ ಸೀಳಿದರೆ ಸಾಲದು.

ನೀವು ಕೇಳದಿದ್ದರೂ ಒಂದು ಮಾತು: ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಆರ್‌ಟಿಒ ಮತ್ತು ವಿಮೆಯವರ ಎದುರು ಆ ಕಿಟ್ ನಿಮಗೆ ತಲೆನೋವಾಗಬಹುದು.

ಹೊಸ ಜಾಕ್ ಬಂದ ದಿನ ಮನೆ ಅಂಗಳದಲ್ಲೇ ಒಂದು ಗಾಲಿಯ ಗಾಳಿ ಪೂರ್ತಿ ಇಳಿಸಿ, ಗಾಡಿಯಲ್ಲಿರುವ ಸಾಮಾನಿನಿಂದಲೇ ಬಿಚ್ಚಿ ಹಾಕಿ ನೋಡಿ. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಿ. ಗಾಡಿ ಜಾಕಿನ ಮೇಲಿದ್ದಷ್ಟು ಹೊತ್ತು ಅದರ ಕೆಳಗೆ ಕೈ ಕಾಲು ಹಾಕಬೇಡಿ. 40 ಕೆ.ಜಿ. ಗಾಲಿಯನ್ನು ಬಗ್ಗಿ ಸೊಂಟದ ಮೇಲೆ ಎತ್ತಲೂ ಹೋಗಬೇಡಿ. ಎದುರಿಗೆ ಕುಳಿತು, ಟೈರಿನ ಅಡಿಗೆ ವೀಲ್ ಪಾನದ ರಾಡು ತೂರಿಸಿ ಕಾಲಿನಿಂದ ಮೀಟಿದರೆ ಗಾಲಿ ತಾನಾಗಿ ಬೋಲ್ಟಿನ ಮಟ್ಟಕ್ಕೆ ಬರುತ್ತದೆ.