ಸವಾರನ ತೂಕಕ್ಕೆ ಒಗ್ಗುವ ಸಸ್ಪೆನ್ಷನ್

55 ಕಿಲೋ ತೂಕದವರು ಕೊಂಡರೂ 95 ಕಿಲೋ ತೂಕದವರು ಕೊಂಡರೂ ಷೋರೂಮಿನಿಂದ ಹೊರಬರುವ ಬೈಕಿನ ಸ್ಪ್ರಿಂಗ್ ಒಂದೇ. ಈ ಅಂತರವನ್ನು ಸರಿದೂಗಿಸಲೆಂದೇ ಹಿಂದಿನ ಶಾಕ್ ಅಬ್ಸಾರ್ಬರ್‌ನಲ್ಲಿ ಮೆಟ್ಟಿಲು ಮೆಟ್ಟಿಲಾದ ಉಂಗುರವೊಂದು ಇರುತ್ತದೆ. ಹೀರೋ ಸ್ಪ್ಲೆಂಡರ್‌ನಂತಹ ದಿನಬಳಕೆಯ ಬೈಕಿನಲ್ಲೂ ಅದಕ್ಕೆ 5 ಹಂತಗಳಿವೆ. ಇಷ್ಟು ಉಪಯುಕ್ತವಾದ ಭಾಗವನ್ನು ಬೈಕು ಮಾರುವ ದಿನದವರೆಗೂ ಮುಟ್ಟದೇ ಉಳಿಯುವ ಸವಾರರಿದ್ದಾರೆಂಬುದು ಬೇಸರದ ಸಂಗತಿ.

ಉಂಗುರವನ್ನು ಮೇಲಿನ ಹಂತಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಒಂದು ಮಿಲಿಮೀಟರ್ ಕುಗ್ಗಲು 10 ಕಿಲೋ ಭಾರ ಬೇಕಾದ ಸ್ಪ್ರಿಂಗ್, ಉಂಗುರ ತಿರುಗಿಸಿದ ಮೇಲೂ ಮುಂದಿನ ಪ್ರತಿ ಮಿಲಿಮೀಟರ್‌ಗೆ 10 ಕಿಲೋವನ್ನೇ ಕೇಳುತ್ತದೆ. ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡುವ, ಪ್ರಿಲೋಡ್ ಎಂದು ಕರೆಯುವ ಈ ಹೊಂದಾಣಿಕೆಯಿಂದ ನಿಜವಾಗಿ ಬದಲಾಗುವುದು, ಸವಾರ ಕೂತಾಗ ಬೈಕು ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದು.

ಆ ಎತ್ತರವೇ ಬೈಕಿನ ನಡೆಯನ್ನು ನಿರ್ಧರಿಸುತ್ತದೆ. ಹಿಂಭಾಗ ಅತಿಯಾಗಿ ಕುಸಿದರೆ ಮುಂದಿನ ಫೋರ್ಕ್ ಇನ್ನಷ್ಟು ಓರೆಯಾಗಿ, ಮುಂಚಕ್ರದ ಮೇಲಿನ ಭಾರ ತಗ್ಗಿ, ಹ್ಯಾಂಡಲ್ ಜಡವಾಗುತ್ತದೆ. ಚಾರ್ಮಾಡಿ ಘಾಟಿಯಂತಹ ತಿರುವುಗಳಲ್ಲಿ ಬೈಕು ಹೊರಅಂಚಿನತ್ತ ಸರಿಯುತ್ತದೆ. ಹಿಂಭಾಗ ಅತಿ ಎತ್ತರವಾದರೆ ಹ್ಯಾಂಡಲ್ ಚುರುಕಾಗುತ್ತದೆ, ಆದರೆ ವೇಗದಲ್ಲಿ ಸ್ಥಿರತೆ ಕುಗ್ಗುತ್ತದೆ. ಅಲ್ಲದೆ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಮುಟ್ಟಿಯೇ ಇರಬೇಕಾದರೆ ಸ್ಪ್ರಿಂಗ್ ಮೊದಲೇ ಸ್ವಲ್ಪ ಕುಸಿದಿರಬೇಕು. ರಸ್ತೆಯ ಬೈಕುಗಳಲ್ಲಿ ಈ ಕುಸಿತ, ಚಕ್ರ ಮೇಲೆ ಕೆಳಗೆ ಸರಿಯಬಲ್ಲ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಿರಬೇಕೆಂಬುದು ರೂಢಿ. ಚಲನೆ 120 ಮಿಲಿಮೀಟರ್ ಇದ್ದರೆ ಕುಸಿತ 30ರಿಂದ 40 ಮಿಲಿಮೀಟರ್.

ಅಳೆಯಲು ಟೇಪು ಮತ್ತು ಇಬ್ಬರು ಸಹಾಯಕರು ಸಾಕು. ಹಿಂಚಕ್ರವನ್ನು ನೆಲದಿಂದ ಎತ್ತಿ, ಅದರ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಬಳಿ ಗುರುತಿಸಿದ ಬಿಂದುವಿನವರೆಗೆ ಅಳೆಯಬೇಕು. ನಂತರ ಸವಾರ ಹೆಲ್ಮೆಟ್, ಜಾಕೆಟ್ ಸಹಿತ ಕುಳಿತಾಗ ಮತ್ತೆ ಅಳೆದು, ಎರಡರ ವ್ಯತ್ಯಾಸ ನೋಡಬೇಕು. ಬಯಸಿದ ಕುಸಿತ ಸಿಕ್ಕಿದ ಮೇಲೂ ಇನ್ನೊಂದು ಪರೀಕ್ಷೆ ಬಾಕಿಯಿದೆ, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು ಅದೇ: ಸವಾರ ಇಳಿದಾಗ ಬೈಕು ತನ್ನ ಸ್ವಂತ ಭಾರಕ್ಕೆ ಒಂದಿಷ್ಟೂ ಕುಸಿಯದಿದ್ದರೆ, ಸ್ಪ್ರಿಂಗ್ ಆ ಸವಾರನಿಗೆ ತೀರಾ ಮೆದುವಾಗಿದೆ ಎಂದರ್ಥ. ಕುಸಿಯದ ಸ್ಪ್ರಿಂಗ್ ಗಟ್ಟಿಯಾಗಿರಬೇಕೆಂದು ಮನಸ್ಸಿಗೆ ತೋಚುತ್ತದೆ; ವಾಸ್ತವದಲ್ಲಿ ಅದರ ಮೆದುತನವನ್ನು ಮರೆಸಲು ವಿಪರೀತ ಪ್ರಿಲೋಡ್ ಕೊಟ್ಟಿರುವುದರಿಂದ ಹಾಗಾಗಿರುತ್ತದೆ. ಅಲ್ಲಿ ಸ್ಪ್ರಿಂಗನ್ನೇ ಬದಲಿಸಬೇಕು.

ಹಿಂದೆ ಇನ್ನೊಬ್ಬರು ಕೂರುವಾಗ ಒಂದೆರಡು ಹಂತ ಏರಿಸಿದರೆ, ಎದುರಿನವರ ಕಣ್ಣಿಗೆ ರಾಚುವ ಹೆಡ್‌ಲೈಟ್ ಕೂಡ ಮತ್ತೆ ರಸ್ತೆಯ ಕಡೆ ಬಾಗುತ್ತದೆ.

ಕುಗ್ಗಿದ ಸ್ಪ್ರಿಂಗ್ ಮರಳುವ ವೇಗವನ್ನು ತಡೆಯುವುದು ಮಾತ್ರ ಬೇರೆಯೇ ಕೆಲಸ. ಅದನ್ನು ಕಿರಿದಾದ ರಂಧ್ರಗಳ ಮೂಲಕ ಹಾಯುವ ಎಣ್ಣೆ ಮಾಡುತ್ತದೆ. ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಜಿನುಗಿ ಹೋಗಿದ್ದರೆ, ಉಬ್ಬು ದಾಟಿದ ಬೈಕು ಕುಪ್ಪಳಿಸುತ್ತಲೇ ಇರುತ್ತದೆ ಮತ್ತು ಪ್ರಿಲೋಡ್ ಉಂಗುರವನ್ನು ಯಾವ ಹಂತದಲ್ಲಿಟ್ಟರೂ ಅದು ನಿಲ್ಲುವುದಿಲ್ಲ.