ಪಾಕ ಗಟ್ಟಿಯಾಗುವ ಮುನ್ನ

2025ರ ಜುಲೈ ತಿಂಗಳಲ್ಲಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಲ್ಲುತ್ತಿತ್ತು. ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅದರಲ್ಲೂ ಸಣ್ಣ ವಯಸ್ಸಿನವರು, ಹೃದಯಾಘಾತದಿಂದ ಸತ್ತರೆಂದು ಟೀವಿಗಳು ದಿನವಿಡೀ ಹೇಳುತ್ತಿದ್ದವು. ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಸರ್ಕಾರ ನೇಮಿಸಿದ ತಜ್ಞರು ವರದಿ ಕೊಟ್ಟರು. ಅಷ್ಟರಲ್ಲಿ ಸಾವಿರಾರು ಜನ ಎದೆಗೆ ತಂತಿ ಅಂಟಿಸಿಕೊಂಡು, ಇಸಿಜಿ ಕಾಗದ ಹಿಡಿದು, ‘ನಾರ್ಮಲ್ ಅಂತೆ’ ಎಂದು ನಿಟ್ಟುಸಿರು ಬಿಟ್ಟು ಊರಿಗೆ ಮರಳಿದ್ದರು.

ಆ ಸಾಲಿನಲ್ಲಿ ನಿಂತವರ ಪ್ರಶ್ನೆ ‘ನನಗೂ ಆಗುತ್ತದಾ?’ ಎಂಬುದು. ಇಸಿಜಿ ಅದಕ್ಕೆ ಉತ್ತರ ಹೇಳುವುದಿಲ್ಲ. ಅದು ಆ ಹೊತ್ತಿನ ವಿದ್ಯುತ್ತಿನ ಪಟ. ಇಂದು ಮಳೆ ಬಂದಿಲ್ಲವೆಂದು ನಾಳೆಯೂ ಬರದು ಎನ್ನಲಾದೀತೆ? ಉತ್ತರ ಸಿಗುವ ಪ್ರಶ್ನೆ ಬೇರೆಯಿದೆ: ಅಕಸ್ಮಾತ್ ಆದರೆ ಮೊದಲು ಎಲ್ಲಿಗೆ ಓಡಬೇಕು? ಇದಕ್ಕೆ ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಬರುವುದು ‘ದೊಡ್ಡಾಸ್ಪತ್ರೆಗೆ’ ಎಂಬ ಮಾತು. ಹಾಸನದಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಸಕಲೇಶಪುರದ ಕಾಫಿ ತೋಟದಿಂದ ಹೊರಟರೆ ಇನ್ನೂ ದೂರ. ಆ ಎರಡು-ಮೂರು ಗಂಟೆಗಳಲ್ಲಿ ಎದೆಯೊಳಗೆ ಏನಾಗುತ್ತದೆಂದು ತಿಳಿದರೆ ಕಾರು ತಾಲ್ಲೂಕು ಆಸ್ಪತ್ರೆಯ ಗೇಟನ್ನು ದಾಟಿ ಮುಂದೆ ಹೋಗದು.

ಹೃದಯದ ರಕ್ತನಾಳ ಹಳೇ ನಲ್ಲಿ ಪೈಪಿನ ಹಾಗೆ ವರ್ಷವರ್ಷಕ್ಕೆ ಪಾಚಿ ಕಟ್ಟಿ ಕೊನೆಗೊಂದು ದಿನ ಮುಚ್ಚಿಹೋಗುತ್ತದೆ ಎಂಬ ಚಿತ್ರ ಎಲ್ಲರ ತಲೆಯಲ್ಲೂ ಕೂತಿದೆ. ‘ಬ್ಲಾಕ್ ಕರಗಿಸುವ’ ಬೆಳ್ಳುಳ್ಳಿ-ಶುಂಠಿ-ನಿಂಬೆ-ಜೇನಿನ ಕಷಾಯ ವಾಟ್ಸಾಪಿನಲ್ಲಿ ಓಡಾಡುವುದು ಈ ಪೈಪಿನ ಚಿತ್ರದ ಬಲದಿಂದಲೇ. ನಿಜವಾಗಿ ಹೆಚ್ಚಿನ ಸಲ ನಡೆಯುವುದು ಕುರು ಒಡೆದ ಹಾಗೆ. ನಾಳದ ಗೋಡೆಯೊಳಗೆ ಕೊಬ್ಬಿನ ಗಂಟು ಇರುತ್ತದೆ, ಅದರ ಮೇಲೊಂದು ತೆಳ್ಳನೆಯ ಚರ್ಮ. ಗಂಟು ಸಣ್ಣದಿರಬಹುದು, ನಾಳದ ಅರ್ಧವನ್ನೂ ಅಡ್ಡಗಟ್ಟಿರಲಿಕ್ಕಿಲ್ಲ, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಸಿಕ್ಕಿಬೀಳದೆಯೂ ಹೋಗಬಹುದು. ಒಂದು ದಿನ ಚರ್ಮ ಬಿರಿಯುತ್ತದೆ. ಒಳಗಿನ ಸರಕು ರಕ್ತಕ್ಕೆ ತಾಗುತ್ತದೆ. ರಕ್ತಕ್ಕೆ ಗೊತ್ತಿರುವುದು ಒಂದೇ: ಎಲ್ಲೋ ಗಾಯವಾಗಿದೆ, ಹೆಪ್ಪುಗಟ್ಟಬೇಕು. ಮಚ್ಚು ತಾಗಿದ ಬೆರಳನ್ನು ಉಳಿಸುವ ಬುದ್ಧಿಯೇ ಇಲ್ಲಿ ಪ್ರಾಣಕ್ಕೆ ಕುತ್ತಾಗುತ್ತದೆ.

ಇದು ಒಪ್ಪಿತವಾಗಲು ಎಷ್ಟು ಕಾಲ ಹಿಡಿಯಿತು ಗೊತ್ತೆ? ಷಿಕಾಗೋದ ಜೇಮ್ಸ್ ಹೆರಿಕ್ 1912ರಲ್ಲೇ ಹೆಪ್ಪಿನ ಬಗ್ಗೆ ಬರೆದಿದ್ದರು. ಆದರೂ ಹೆಪ್ಪು ಕಾರಣವೋ, ಸ್ನಾಯು ಸತ್ತ ಮೇಲೆ ಕಟ್ಟಿದ್ದೋ ಎಂದು ಪಂಡಿತರು 1970ರ ದಶಕದವರೆಗೂ ಜಗಳವಾಡಿದರು. 1980ರಲ್ಲಿ ಅಮೆರಿಕದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ನೋವು ಶುರುವಾದ ನಾಲ್ಕು ಗಂಟೆಯೊಳಗೇ ಆಂಜಿಯೋಗ್ರಾಂ (ನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್-ರೇ) ಮಾಡಿ ನೋಡಿದರು. 126 ಜನರಲ್ಲಿ 110 ಜನರ ನಾಳ ಪೂರ್ತಿ ಮುಚ್ಚಿತ್ತು. ತಡವಾಗಿ ಪರೀಕ್ಷಿಸಿದವರಲ್ಲಿ ಈ ಪ್ರಮಾಣ ಕಡಿಮೆಯಿತ್ತು, ಅಂದರೆ ಕೆಲವರಲ್ಲಿ ಹೆಪ್ಪು ತಾನಾಗಿಯೇ ಕರಗುತ್ತಿತ್ತು. ಜಗಳ ಅಲ್ಲಿಗೆ ಮುಗಿಯಿತು.

ಈಗ ಹೆಪ್ಪಿನೊಳಗೆ ಇಳಿಯೋಣ. ಮೊದಲು ಬಂದು ಕೂರುವುದು ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್), ತೂಬಿಗೆ ಮೊದಲು ಸಿಕ್ಕಿಕೊಳ್ಳುವ ಎಲೆಗಳ ಹಾಗೆ. ಆಸ್ಪಿರಿನ್ ತಡೆಯುವುದು ಈ ಎಲೆಗಳು ಒಂದಕ್ಕೊಂದು ಅಂಟುವುದನ್ನು. ಆಮೇಲೆ ಫೈಬ್ರಿನ್ ಎಂಬ ಎಳೆಗಳು ಹುಟ್ಟಿ ಬಲೆ ಹೆಣೆಯುತ್ತವೆ, ಕೆಂಪು ರಕ್ತಕಣಗಳು ಮೀನಿನಂತೆ ಸಿಕ್ಕಿಬೀಳುತ್ತವೆ. ಮೊದಮೊದಲು ಎಳೆಗಳು ಒಂದರ ಮೇಲೊಂದು ಬಿದ್ದಿರುತ್ತವೆ ಅಷ್ಟೆ, ಕೈಯಾಡಿಸಿದರೆ ಬಿಡಿಸಿಕೊಳ್ಳುತ್ತವೆ. ನಂತರ ಬರುತ್ತದೆ ಹದಿಮೂರನೇ ಫ್ಯಾಕ್ಟರ್ ಎಂಬ ಕಿಣ್ವ. ಅದರ ಕೆಲಸ ಎಳೆ ಎಳೆ ಸೇರುವಲ್ಲೆಲ್ಲ ಗಂಟು ಹಾಕುವುದು. ಸಾಲದ್ದಕ್ಕೆ, ಹೆಪ್ಪು ಕತ್ತರಿಸುವ ಕಿಣ್ವವನ್ನು ತಡೆಯುವ ಕಾವಲುಗಾರ ಅಣುಗಳನ್ನೂ ಅದು ಬಲೆಗೇ ಹೊಲಿದುಬಿಡುತ್ತದೆ. ಚಿಕ್ಕಿ ಮಾಡುವವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಬೆಲ್ಲದ ಪಾಕ ಬಾಣಲೆಯಲ್ಲಿರುವಾಗ ಸೌಟು ಆಡುತ್ತದೆ. ತಟ್ಟೆಗೆ ಸುರಿದು ಒಂದಷ್ಟು ಹೊತ್ತು ಬಿಟ್ಟರೆ ಚಾಕುವೇ ಮುರಿದೀತು. ಸಿಮೆಂಟು ಕಲಸಿದ ಮೇಸ್ತ್ರಿ ಬೀಡಿ ಸೇದಲು ಯಾಕೆ ಹೋಗುವುದಿಲ್ಲ ಎಂಬುದಕ್ಕೂ ಇದೇ ಕಾರಣ.

ಹೆಪ್ಪು ಒಂದು ಕಡೆ ಗಟ್ಟಿಯಾಗುತ್ತಿದ್ದರೆ ಇನ್ನೊಂದು ಕಡೆ ಸ್ನಾಯು ಸಾಯುತ್ತಿರುತ್ತದೆ. ಹೃದಯದ ದೊಡ್ಡ ನಾಳಗಳು ಹೊರಮೈಯಲ್ಲಿ ಹರಿಯುತ್ತವೆ, ಕವಲುಗಳು ಒಳಗಿಳಿಯುತ್ತವೆ. ಗೋಡೆಯ ಒಳಪದರವೆಂದರೆ ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರಿದ್ದ ಹಾಗೆ: ನೀರು ನಿಂತರೆ ಮೊದಲು ಒಣಗುವುದು ಅವರ ಗದ್ದೆ. ಸಾವು ಅಲ್ಲಿಂದ ಶುರುವಾಗಿ ಹೊರಮೈಯತ್ತ ಅಲೆಯಂತೆ ಬರುತ್ತದೆ. 1977ರಲ್ಲಿ ರೀಮರ್ ಮತ್ತು ಜೆನಿಂಗ್ಸ್ ನಾಯಿಗಳ ಮೇಲೆ ಇದನ್ನು ಅಳೆದರು. ನಾಳ 40 ನಿಮಿಷ ಮುಚ್ಚಿದ್ದರೆ ಅಪಾಯದಲ್ಲಿದ್ದ ಸ್ನಾಯುವಿನ ಶೇ. 38 ಸತ್ತಿತ್ತು, 3 ಗಂಟೆಗೆ ಶೇ. 57, 6 ಗಂಟೆಗೆ ಶೇ. 71. ಮನುಷ್ಯರಲ್ಲಿ ವೇಗ ಒಬ್ಬರಿಗಿಂತ ಒಬ್ಬರಿಗೆ ಬೇರೆ, ದಿಕ್ಕು ಮಾತ್ರ ಅದೇ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ, ಆ ಜಾಗದಲ್ಲಿ ಕಲೆ ಉಳಿಯುತ್ತದೆ. ಮುಂದೆ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಆ ಕಲೆಯಿಂದ.

ಗಟ್ಟಿಯಾಗುತ್ತಿರುವ ಪಾಕವನ್ನು ಕರಗಿಸುವ ಇಂಜೆಕ್ಷನ್ ಇದೆ. ಗಂಟಲು ನೋವು ತರುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಹೆಪ್ಪನ್ನು ನೀರು ಮಾಡುವುದನ್ನು 1933ರಲ್ಲಿ ವಿಲಿಯಂ ಟಿಲೆಟ್ ಗಮನಿಸಿದಾಗ ಶುರುವಾದ ಕತೆ ಅದು. ಅಲ್ಲಿಂದ ಬಂದ ಸ್ಟ್ರೆಪ್ಟೋಕೈನೇಸನ್ನು 1986ರಲ್ಲಿ ಇಟಲಿಯ ವೈದ್ಯರು 11,000ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದರು. ನೋವು ಬಂದ ಒಂದು ಗಂಟೆಯೊಳಗೆ ಪಡೆದವರಲ್ಲಿ ಸಾವು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು, ಆರು ಗಂಟೆ ದಾಟಿದವರಿಗೆ ಲಾಭವೇ ಕಾಣಲಿಲ್ಲ. ಔಷಧಿ ಅದೇ, ಪ್ರಮಾಣ ಅದೇ, ಬೇರೆಯಾದದ್ದು ಗಡಿಯಾರ.

ಈಗ ಬಳಸುವುದು ಟೆನೆಕ್ಟೆಪ್ಲೇಸ್. ಇದು ತಾನೇ ಹೆಪ್ಪನ್ನು ಕತ್ತರಿಸುವುದಿಲ್ಲ. ಹೆಪ್ಪು ಕಟ್ಟುವಾಗಲೇ ಪ್ಲಾಸ್ಮಿನೋಜನ್ ಎಂಬ ನಮ್ಮದೇ ಪ್ರೋಟೀನ್ ಬಲೆಯೊಳಗೆ ಸಿಕ್ಕಿ ಮಲಗಿರುತ್ತದೆ. ಟೆನೆಕ್ಟೆಪ್ಲೇಸ್ ಹೋಗಿ ಅದನ್ನು ಎಬ್ಬಿಸುತ್ತದೆ. ಕೋಟೆಯೊಳಗಿದ್ದವನ ಕೈಗೇ ಬಾಗಿಲ ಬೀಗದ ಕೈ ಕೊಟ್ಟಂತೆ. ದೇಹದಲ್ಲಿ ಸಹಜವಾಗಿರುವ ಇಂಥ ಕಿಣ್ವ ನಾಲ್ಕೈದು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಅದರ ಮೂರು ಕಡೆ ಅಮೈನೋ ಆಮ್ಲ ಬದಲಿಸಿದ್ದರಿಂದ ಇದು ಇಪ್ಪತ್ತು ನಿಮಿಷಕ್ಕೂ ಮೇಲೆ ತಾಳಿಕೊಳ್ಳುತ್ತದೆ. ಹಾಗಾಗಿ ಡ್ರಿಪ್, ಪಂಪು ಯಾವುದೂ ಬೇಡ, ಐದರಿಂದ ಹತ್ತು ಸೆಕೆಂಡಿನಲ್ಲಿ ಒಂದೇ ಸಲ ರಕ್ತನಾಳಕ್ಕೆ ಚುಚ್ಚಿದರಾಯಿತು. ಪ್ರಮಾಣ ತೂಕದ ಮೇಲೆ: 60 ಕಿಲೋಗಿಂತ ಕಡಿಮೆ ಇದ್ದರೆ 30 ಮಿ.ಗ್ರಾಂ, ಅಲ್ಲಿಂದ ಪ್ರತಿ 10 ಕಿಲೋಗೆ 5 ಮಿ.ಗ್ರಾಂ ಏರುತ್ತಾ 90 ಮತ್ತು ಮೇಲಿನವರಿಗೆ 50. ವಯಸ್ಸು 75 ದಾಟಿದ್ದರೆ ಅರ್ಧ ಸಾಕೆನ್ನುತ್ತಾರೆ, ಯಾಕೆಂದರೆ ಈ ಮದ್ದಿಗೆ ಹೃದಯದ ಹೆಪ್ಪು, ಮಿದುಳಿನ ಹೆಪ್ಪು ಎಂಬ ಭೇದವಿಲ್ಲ. ನೂರಕ್ಕೆ ಸುಮಾರು ಒಬ್ಬರಲ್ಲಿ ಮಿದುಳಿನ ರಕ್ತಸ್ರಾವವಾಗುತ್ತದೆ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ, ಇತ್ತೀಚೆಗೆ ಪಾರ್ಶ್ವವಾಯು ಅಥವಾ ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದರೆ, ಕಪ್ಪು ಮಲ ಹೋಗುತ್ತಿದ್ದರೆ, ಬಿಪಿ 180/110ರ ಮೇಲಿದ್ದು ಇಳಿಯದಿದ್ದರೆ ಕೊಡುವುದಿಲ್ಲ. ಜೊತೆಗೆ ಹೋದವರು ಇವನ್ನೆಲ್ಲ ವೈದ್ಯರು ಕೇಳುವ ಮೊದಲೇ ಹೇಳಬೇಕು.

ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಈ ಇಂಜೆಕ್ಷನ್ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ. 2023ರ ಕೊನೆಯಲ್ಲಿ ಶುರುವಾಗಿ ಆಮೇಲೆ ವಿಸ್ತರಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಬೆನ್ನೆಲುಬೇ ಇದು. ತಾಲ್ಲೂಕಿನಲ್ಲಿ ತೆಗೆದ ಇಸಿಜಿ ಜಯದೇವದಂಥ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿನ ತಜ್ಞರು ನೋಡಿ ಹೇಳುತ್ತಾರೆ, ಇಲ್ಲಿನ ವೈದ್ಯರು ಚುಚ್ಚುತ್ತಾರೆ. ಇದನ್ನು ಹೊಸ ಯುಗದ ಪವಾಡ ಎನ್ನುವವರಿಗೆ ಒಂದು ಮಾತು: ಇಸಿಜಿ ಯಂತ್ರ ಕಟ್ಟಿದ ಐಂತೋವನ್ 1905ರಲ್ಲೇ ಲೈಡನ್ ಆಸ್ಪತ್ರೆಯ ರೋಗಿಗಳ ಇಸಿಜಿಯನ್ನು ಒಂದೂವರೆ ಕಿ.ಮೀ. ದೂರದ ತನ್ನ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ತರಿಸಿಕೊಂಡಿದ್ದರು. ಯಂತ್ರ ಅಲುಗಾಡಿಸಲಾಗದಷ್ಟು ಭಾರವಿತ್ತು, ಬೇರೆ ದಾರಿಯಿರಲಿಲ್ಲ.

ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ನಾಳ ತೆರೆಯುವ ಚಿಕಿತ್ಸೆ) ಆಗುವುದು ಖಚಿತವಿದ್ದರೆ ಅದೇ ಮೇಲು. ಜಯನಗರದಲ್ಲಿದ್ದವರು ನೇರ ಜಯದೇವಕ್ಕೇ ಹೋಗಲಿ. ಅರಕಲಗೂಡಿನವರ ಲೆಕ್ಕ ಬೇರೆ: ಮೊದಲು ಚುಚ್ಚುಮದ್ದು, ಆಮೇಲೆ ಪ್ರಯಾಣ. ಚುಚ್ಚಿದ 60ರಿಂದ 90 ನಿಮಿಷಕ್ಕೆ ಮತ್ತೊಂದು ಇಸಿಜಿ. ಹೃದಯಾಘಾತದಿಂದ ಇಸಿಜಿಯಲ್ಲಿ ಮೇಲಕ್ಕೆದ್ದ ಗೆರೆ ಅರ್ಧಕ್ಕಾದರೂ ಇಳಿದು ನೋವು ತಗ್ಗಿದ್ದರೆ ನಾಳ ತೆರೆದಿದೆಯೆಂದು ಲೆಕ್ಕ. 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಬೇಕು. ಇಳಿಯದಿದ್ದರೆ ಕೂಡಲೇ ಆಂಜಿಯೋಪ್ಲಾಸ್ಟಿ. ಈ ಎರಡನೇ ಇಸಿಜಿಗಾಗಿ ಕಾಯುತ್ತಾ ಕೂರದೆ ಚುಚ್ಚಿದ ತಕ್ಷಣವೇ ಆಂಬುಲೆನ್ಸ್ ಹೊರಡುವುದು ಒಳ್ಳೆಯದು. ‘ಇಂಜೆಕ್ಷನ್ ಆಯ್ತು, ಆರಾಮಾಯ್ತು’ ಎಂದು ಮನೆಗೆ ಕರೆದೊಯ್ಯುವವರೂ ಇದ್ದಾರೆ. ಒಡೆದ ಕುರು ಇನ್ನೂ ಅಲ್ಲೇ ಇದೆ, ಮತ್ತೆ ಹೆಪ್ಪುಗಟ್ಟುತ್ತದೆ.

ಇಷ್ಟಕ್ಕೂ ಗಡಿಯಾರದ ಬಹುಪಾಲು ಮನೆಯಲ್ಲೇ ಓಡಿಹೋಗುತ್ತದೆ, ‘ಗ್ಯಾಸ್ಟ್ರಿಕ್’ ಎಂಬ ಒಂದು ಪದದಿಂದ. ಹೃದಯದ ಮತ್ತು ಅನ್ನನಾಳದ ನೋವಿನ ನರಗಳು ಬೆನ್ನುಹುರಿಯ ಹೆಚ್ಚುಕಮ್ಮಿ ಒಂದೇ ಮೆಟ್ಟಿಲುಗಳಿಗೆ ಬಂದು ಸೇರುತ್ತವೆ. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದರೆ ಬಾಗಿಲಿಗೆ ಯಾರು ಬಂದರೆಂದು ಮಿದುಳಿಗೆ ಹೇಗೆ ಗೊತ್ತಾಗಬೇಕು? ಹೃದಯದ ಕೆಳಗೋಡೆ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಮೇಲೆಯೇ ಕೂತಿದೆ. ಅಲ್ಲಿ ಪೆಟ್ಟು ಬಿದ್ದರೆ ಹೊಟ್ಟೆಯ ಮೇಲ್ಭಾಗ ಉರಿಯುತ್ತದೆ, ವಾಕರಿಕೆ ಬರುತ್ತದೆ, ತೇಗೂ ಬರುತ್ತದೆ. ತೇಗು ಬಂತೆಂದರೆ ಗ್ಯಾಸೇ ಎಂಬುದು ನಮ್ಮ ತೀರ್ಮಾನ. ಸೋಡಾ, ಜೀರಿಗೆ ನೀರು, ಒಂದು ಮಾತ್ರೆ, ‘ಬೆಳಿಗ್ಗೆ ನೋಡೋಣ’. ಸಕ್ಕರೆ ಕಾಯಿಲೆಯವರಲ್ಲಿ ನರಗಳೇ ಮಂದವಾಗಿ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಏದುಸಿರು ಕಾಣಿಸಬಹುದು. ಹೆಂಗಸರಲ್ಲಿ ದವಡೆ, ಬೆನ್ನು, ಭುಜದ ನೋವು. ದವಡೆಯಿಂದ ಹೊಕ್ಕುಳವರೆಗಿನ ಯಾವುದೇ ಹೊಸ ಸಂಕಟ ಹತ್ತು-ಹದಿನೈದು ನಿಮಿಷಕ್ಕೆ ಹೋಗದಿದ್ದರೆ, ಜೊತೆಗೆ ತಣ್ಣನೆಯ ಬೆವರಿದ್ದರಂತೂ, ಇಸಿಜಿ ಆಗುವ ತನಕ ಅದು ಗ್ಯಾಸ್ ಅಲ್ಲ.

ಹೊರಡುವ ಮೊದಲು ಆಸ್ಪಿರಿನ್ 300 ಮಿ.ಗ್ರಾಂ, ಅಗಿದು. 75ರ ಮಾತ್ರೆಯಾದರೆ ನಾಲ್ಕು, 150ರದಾದರೆ ಎರಡು. ಜಠರಕ್ಕೆ ತಾಗದಿರಲೆಂದು ಈ ಮಾತ್ರೆಗಳಿಗೆ ಲೇಪ ಇರುತ್ತದೆ. ನೀರು ಕುಡಿದು ನುಂಗಿದರೆ ಕರಗಲು ಗಂಟೆಗಳೇ ಬೇಕು. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವ ಇದ್ದವರಿಗೆ, ಬೆನ್ನು ಸೀಳುವಂಥ ನೋವಿರುವವರಿಗೆ ಬೇಡ. 1988ರಲ್ಲಿ 17,187 ರೋಗಿಗಳ ಮೇಲೆ ನಡೆದ ಐಸಿಸ್-2 ಪರೀಕ್ಷೆಯಲ್ಲಿ ಆಸ್ಪಿರಿನ್ ಒಂದೇ ಸಾವನ್ನು ಶೇ. 23ರಷ್ಟು ತಗ್ಗಿಸಿತ್ತು. ರೋಗಿಗಳನ್ನು ಗುಂಪು ಗುಂಪಾಗಿ ಒಡೆದು ಫಲಿತಾಂಶ ಕೊಡಿ ಎಂದು ವೈದ್ಯಕೀಯ ಪತ್ರಿಕೆ ಕೇಳಿದಾಗ ಸಂಶೋಧಕರು ಬೇಕೆಂದೇ ರಾಶಿವಾರು ಒಡೆದು ತೋರಿಸಿದರು: ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ನಿನಿಂದ ಲಾಭವೇ ಇಲ್ಲ! ಅಂಕಿಗಳನ್ನು ಸಣ್ಣಗೆ ಕೊಚ್ಚಿದಷ್ಟೂ ಇಂಥ ಸುಳ್ಳು ಹುಟ್ಟುತ್ತದೆಂದು ತೋರಿಸುವ ತಮಾಷೆ ಅದು. ಅದನ್ನೇ ಯಾರಾದರೂ ಜ್ಯೋತಿಷ್ಯಕ್ಕೆ ಪುರಾವೆ ಮಾಡಿಕೊಂಡರೂ ಆಶ್ಚರ್ಯವಿಲ್ಲ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟನ್ನು ಮಾತ್ರ ವೈದ್ಯರು ಹಿಂದೆ ಬರೆದುಕೊಟ್ಟಿದ್ದರಷ್ಟೇ, ಅದೂ ಕೂತುಕೊಂಡು. ಹೃದಯದ ಬಲ ಕೆಳಕೋಣೆಗೆ ಪೆಟ್ಟು ಬಿದ್ದಿದ್ದರೆ ಅದು ಬಿಪಿಯನ್ನು ಪಾತಾಳಕ್ಕಿಳಿಸುತ್ತದೆ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆಂಬ ಸಂದೇಶವನ್ನು ಅಳಿಸಿಬಿಡಿ.

ಬೈಕ್ ಹತ್ತುವುದು ಬೇಡ, ನಡೆಯುವುದೂ ಬೇಡ. ಮೊದಲ ಗಂಟೆಯಲ್ಲೇ ಹೃದಯದ ಲಯ ತಪ್ಪುವುದು ಹೆಚ್ಚು, 108 ಆಂಬುಲೆನ್ಸ್ ಹತ್ತಿರವಿದ್ದರೆ ಅದೇ ಒಳ್ಳೆಯದು. ಆಸ್ಪತ್ರೆಯಲ್ಲಿ ಓಪಿಡಿ ಚೀಟಿಯ ಸಾಲಿಗೆ ನಿಲ್ಲದೆ ನೇರ ತುರ್ತು ವಿಭಾಗಕ್ಕೆ ಹೋಗಿ ‘ಎದೆನೋವು, ಇಷ್ಟು ಗಂಟೆಗೆ ಶುರುವಾಯಿತು, ಇಸಿಜಿ ಮಾಡಿ’ ಎನ್ನಬೇಕು. ಹತ್ತು ನಿಮಿಷದೊಳಗೆ ಆಗಬೇಕಾದ ಕೆಲಸ ಅದು. ಮೊದಲ ಇಸಿಜಿ ಸರಿಯಿದ್ದು ನೋವು ಹೋಗದಿದ್ದರೆ 15-30 ನಿಮಿಷಕ್ಕೆ ಇನ್ನೊಂದು ತೆಗೆಯಬೇಕು. ಗೆರೆ ಏಳಲು ಕೆಲವೊಮ್ಮೆ ಹೊತ್ತು ಹಿಡಿಯುತ್ತದೆ. ಗೆರೆ ಹೊಸದಾಗಿ ಬದಲಾಗಿದೆಯೋ, ಹುಟ್ಟಿನಿಂದಲೇ ಹಾಗಿದೆಯೋ ಎಂದು ವೈದ್ಯರು ತಲೆ ಕೆರೆದುಕೊಳ್ಳುವುದೂ ಉಂಟು. ಆಗ ಅವರು ಕೇಳುವುದು ಹಳೆಯ ಇಸಿಜಿಯನ್ನು. ಅಂದು ಜಯದೇವದ ಸಾಲಿನಲ್ಲಿ ನಿಂತು ತಂದು ಬೀರುವಿನಲ್ಲಿಟ್ಟ ಕಾಗದವಿದೆಯಲ್ಲ, ಫೋನಿನಲ್ಲಿ ಅದರದೊಂದು ಫೋಟೋ ಇರಲಿ. ಆ ಕಾಗದದ ಅಕ್ಷರ ದಿನ ಕಳೆದಂತೆ ಮಾಸುತ್ತದೆ.